ಯಾರ ತಂಟೆಗೂ ಹೋಗದ ರಾಜ

ಕರಿಘಟ್ಟದ ಬೆಟ್ಟದ ಮೇಲೆ ಅಕ್ಕನ ಮಗುವಿಗೆ ಕಿವಿ ಚುಚ್ಚಿಸಿದ ದಿನ ಸಿದ್ದರಾಮು ಒಂದು ಮಾತು ಕೊಟ್ಟಿದ್ದ. ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ನಮ್ಮ ಕಡೆಯ ಪದ್ಧತಿ. ಮಗು ಅರ್ಪಿತ ಬೆಟ್ಟದ ಮಂಗಗಳೆಲ್ಲ ಓಡುವ ಹಾಗೆ ಕಿರುಚಿತು. ಆಗತಾನೇ ಮೀಸೆ ಚಿಗುರುತ್ತಿದ್ದ ಸೋದರಮಾವ ಮಗುವಿಗಿಂತ ಜೋರಾಗಿ ಅತ್ತ. ಅಳುವ ಭರದಲ್ಲೇ ಹೇಳಿದ:

"ಅಳಬ್ಯಾಡ ಕಣವ್ವ. ನಿನ್ನ ಮದುವೇಲಿ ಧಾರೆ ಮಂಟಪಕ್ಕೆ ನಾನೇ ನಿನ್ನ ಕರ್ಕಬತ್ತೀನಿ. ಬ್ಯಾರೆ ಯಾರಾದ್ರೂ ಕೈ ಹಿಡುದ್ರೆ ಅವ್ರ ಕೈ ಮುರೀತೀನಿ."

"ಎಲ್ರೂ ಕೇಳಿಸ್ಕೊಂಡ್ರಲ್ಲ?" ಎಂದು ಅಕ್ಕ ಜಯಲಕ್ಷ್ಮಮ್ಮ ಸುತ್ತ ನೋಡಿದಳು. ಎಲ್ಲರೂ ಕೇಳಿಸಿಕೊಂಡಿದ್ದರು. ಕಿವಿ ಚುಚ್ಚುವವನು ಕೂಡ ಕೇಳಿಸಿಕೊಂಡು, ಅದಕ್ಕೊಂದು ತೆಂಗಿನಕಾಯಿ ಹೆಚ್ಚಿಗೆ ಕೇಳಿ ತೆಗೆದುಕೊಂಡ.

ಆ ಮಗು ಬೆಳೆದು ಕೆ.ಆರ್.ಪೇಟೆಯಲ್ಲಿ ಮೇಷ್ಟ್ರಾಯಿತು. ನಾಗಮಂಗಲದ ಚಿಕ್ಕಮಾದಯ್ಯನವರ ಮಗ ಸಂತೋಷನ ಜೊತೆ ಮದುವೆ ಗೊತ್ತಾಯಿತು. ಎರಡೂ ಕಡೆಯವರಿಗೆ ಅನುಕೂಲವಾಗಲೆಂದು, ಅಂದರೆ ಎರಡೂ ಕಡೆಯವರಿಗೆ ಸಮಾನ ತೊಂದರೆಯಾಗಲೆಂದು, ಶ್ರೀರಂಗಪಟ್ಟಣದಲ್ಲಿ ಛತ್ರ ಹಿಡಿದರು. ಕ್ಯಾತನಹಳ್ಳಿಯಲ್ಲಿ ರಾಗಿ ಮಿಲ್ಲು ನಡೆಸುವ ಸಿದ್ದರಾಮು ಹೊಸ ಪಂಚೆ, ಶಲ್ಯ ತಂದು ಹಿಟ್ಟು ತಾಕದ ಜಾಗ ಹುಡುಕಿ ಹುಡುಕಿ, ಕೊನೆಗೆ ಪಕ್ಕದ ಮನೆಯ ಬೀರುವಿನಲ್ಲಿಟ್ಟ.

ಅಲ್ಲಿಗೇ ಸುಮ್ಮನಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅವನ ಮಗಳು ಅಂಜು ಓದುವ ಶಾಲೆಯವರು ಸುಮ್ಮನಿರಲಿಲ್ಲ.

ಶಾಲೆಗಳಿಗೆ ವರ್ಷಕ್ಕೊಂದು ಹುರುಪು ಬರುತ್ತದೆ. ಒಂದು ವರ್ಷ ಥರ್ಮೊಕೋಲಿನಲ್ಲಿ ಅಣೆಕಟ್ಟು ಕಟ್ಟಿಸುತ್ತಾರೆ, ಇನ್ನೊಂದು ವರ್ಷ ಅಪ್ಪ ಅಮ್ಮಂದಿರ ಕೈಲಿ ಗಿಡ ನೆಡಿಸುತ್ತಾರೆ. ಮಕ್ಕಳಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ವರ್ಷದ ಹುರುಪಿನ ಹೆಸರು 'ಪೋಷಕರ ಓದು'. ತಂದೆತಾಯಿ ಓದದಿದ್ದರೆ ಮಕ್ಕಳು ಓದುವುದಿಲ್ಲ ಎಂದು ಹೆಡ್ ಮೇಡಂಗೆ ಅನ್ನಿಸಿತ್ತು. ತಿಂಗಳಿಗೊಂದು ಬಗೆಯ ಪುಸ್ತಕ. ಪ್ರವಾಸದ ತಿಂಗಳು ಕಳೆದಿತ್ತು, ಪತ್ತೇದಾರಿ ತಿಂಗಳು ಕಳೆದಿತ್ತು, ಈಗ ಚಾರಿತ್ರಿಕ ತಿಂಗಳು. ಪುಸ್ತಕ ಆರಿಸಿ, ಹಿಡಿದು ನಿಂತ ಫೋಟೋ ವಾಟ್ಸಾಪ್ ಗುಂಪಿಗೆ ಹಾಕಿ, ತಿಂಗಳ ಕೊನೆಗೆ ಶಾಲೆಯಲ್ಲಿ ಐದು ನಿಮಿಷ ಕಥೆ ಹೇಳಬೇಕು.

ಹಿಂದಿನ ತಿಂಗಳುಗಳನ್ನೆಲ್ಲ ಹೆಂಡತಿ ಸುಧಳೇ ಓದಿ ತೀರಿಸಿದ್ದಳು. ಈ ಸಲ ಅವಳು ಕೈ ಎತ್ತಿದಳು. "ದನ ಕರೀಲಾ, ಅಡುಗೆ ಮಾಡ್ಲಾ, ಕೊಲೆಗಾರನ್ನ ಹಿಡೀಲಾ? ಈ ತಿಂಗಳು ನೀವೇ ನೋಡ್ಕಳಿ."

ಅದೇ ಗಳಿಗೆಯಲ್ಲಿ ಗುಂಪಿನಲ್ಲಿ ಒಬ್ಬ ತಂದೆ, ಔಷಧಿ ಅಂಗಡಿಯವನು, 'ಚರಿತ್ರೆ ನನ್ನ ಉಸಿರು' ಎಂದು ಬರೆದಿದ್ದ. ಸಿದ್ದರಾಮುವಿಗೆ ತಡೆಯಲಿಲ್ಲ. 'ನಮ್ದೂ ಅಷ್ಟೇ' ಎಂದು ಬರೆದ. ಹೆಬ್ಬೆಟ್ಟುಗಳು ಸಾಲಾಗಿ ಬಿದ್ದವು. ಮನುಷ್ಯ ಕೆಡುವುದು ಇಂಥ ಹೆಬ್ಬೆಟ್ಟುಗಳಿಂದಲೇ.

ಛತ್ರದ ಮಾತಿಗೆಂದು ಶ್ರೀರಂಗಪಟ್ಟಣಕ್ಕೆ ಹೋದವನು ಬಸ್ ಸ್ಟಾಂಡಿನ ಟೀ ಅಂಗಡಿಯಲ್ಲಿ, ಯಾವ ರಾಜನನ್ನು ಓದಲಿ ಎಂದು ಒಂದು ಮಾತು ಕೇಳಿದ. ಕೇಳಬಾರದಿತ್ತು. ಅದು ಕಲ್ಲೆತ್ತಿದರೆ ಚರಿತ್ರೆ ಸಿಗುವ ಊರು. ಸಿಕ್ಕ ಕಲ್ಲನ್ನು ಯಾರ ಮೇಲೆ ಎಸೆಯಬೇಕು ಎನ್ನುವುದಷ್ಟೇ ಚರ್ಚೆ. ಒಬ್ಬ ರಾಜನ ಹೆಸರು ಹೇಳುತ್ತಿದ್ದಂತೆ ಬಲಗಡೆ ಕೂತವನು ಲೋಟ ಕುಕ್ಕಿದ. "ಅವನ ಬುಕ್ಕಿಡ್ಕೊಂಡು ಫೋಟೋ ಹಾಕ್ತೀಯಾ? ಹಾಕು. ನಿನ್ ಮಿಲ್ಲಿಗೆ ನಮ್ಮೋರು ಒಬ್ರೂ ರಾಗಿ ತರಾಕಿಲ್ಲ." ಸಿದ್ದರಾಮು ಹೆದರಿ ಇನ್ನೊಬ್ಬ ರಾಜನ ಹೆಸರು ಹೇಳಿದ. ಎಡಗಡೆ ಕೂತವನು ಎದ್ದು ನಿಂತ. ಮೂರನೆಯ ಹೆಸರು ಹೇಳುವಷ್ಟರಲ್ಲಿ ಟೀ ಅಂಗಡಿಯವನೇ ಕೈ ಮುಗಿದ. "ಅಣ್ಣ, ನೀನು ಬಸ್ಸು ಅತ್ತು. ಟೀ ಕಾಸು ಬ್ಯಾಡ."

ಪಾಂಡವಪುರದ ಲೈಬ್ರರಿಗೆ ಹೋಗುವ ಹೊತ್ತಿಗೆ ಸಿದ್ದರಾಮುವಿನ ಬೇಡಿಕೆ ಬಹಳ ಸಣ್ಣದಾಗಿತ್ತು.

"ಸಾರ್, ಯಾರ ತಂಟೆಗೂ ಹೋಗದ ರಾಜ ಯಾರಾದ್ರೂ ಅವ್ನಾ?"

ಲೈಬ್ರರಿಯವರು ಕನ್ನಡಕ ತೆಗೆದು ಒರೆಸಿಕೊಂಡರು. "ಅಂಥೋನು ರಾಜ ಎಂಗಯ್ಯಾ ಆಯ್ತಾನೆ?"

ಆದರೂ ಹುಡುಕಿಕೊಟ್ಟರು. ರಟ್ಟು ಹೋಗಿದ್ದ, ಮೊದಲ ಪುಟಗಳೂ ಹೋಗಿದ್ದ, ಬರೆದವರು ಯಾರೆಂದು ದೇವರಿಗೂ ತಿಳಿಯದ ಒಂದು ದಪ್ಪ ಕಾದಂಬರಿ. ಒಬ್ಬ ಚಿಲ್ಲರೆ ಪಾಳೆಯಗಾರನ ಕಥೆ. ಅವನ ಹೆಸರಲ್ಲಿ ಸರ್ಕಲ್ ಇಲ್ಲ, ಪ್ರತಿಮೆ ಇಲ್ಲ, ಜಯಂತಿ ಇಲ್ಲ. ಅವನಿಂದ ಯಾರಿಗೂ ಒಂದು ವೋಟು ಬರುವಂತಿಲ್ಲ, ಹೋಗುವಂತಿಲ್ಲ. ಸಿದ್ದರಾಮು ಪುಸ್ತಕವನ್ನು ಎದೆಗೊತ್ತಿಕೊಂಡು ಫೋಟೋ ತೆಗೆಸಿಕೊಂಡ. ಈ ಜಿಲ್ಲೆಯಲ್ಲಿ ಇಷ್ಟು ಜಾಗ್ರತೆಯಿಂದ ಪುಸ್ತಕ ಆರಿಸಿದವರು ಇನ್ನೊಬ್ಬರಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ಓದಲು ಕೂತಾಗ ತೊಂದರೆ ಶುರುವಾಯಿತು. ಆ ವಂಶದಲ್ಲಿ ಅಪ್ಪನಿಗೊಂದು ಹೆಸರು, ಮಗನಿಗೊಂದು ಹೆಸರು, ಮೊಮ್ಮಗನಿಗೆ ಮತ್ತೆ ತಾತನ ಹೆಸರು. ಒಂದೊಂದು ಹೆಸರೂ ಕಬ್ಬಿನ ಜಲ್ಲೆಯಷ್ಟು ಉದ್ದ. ಹತ್ತನೇ ಪುಟದಲ್ಲಿ ಸತ್ತವನು ಹದಿನೈದನೇ ಪುಟದಲ್ಲಿ ಕುದುರೆ ಹತ್ತಿದ. ಸಿದ್ದರಾಮು ಪುಸ್ತಕ ಮುಚ್ಚಿ ತಲೆ ಹಿಡಿದುಕೊಂಡ.

ಅಂಜು ಉಪಾಯ ಹೇಳಿಕೊಟ್ಟಳು. "ಅಪ್ಪ, ನಮ್ ಮಿಸ್ ಅಂಗೇ ಹೇಳ್ಕೊಡೋದು. ಕಷ್ಟದ ಹೆಸರಿದ್ರೆ ನಮ್ಮೋರ ಹೆಸರು ಇಟ್ಕೋಬೇಕು. ಆಗ ಮರಿಯಲ್ಲ."

ಅಂದಿನಿಂದ ಚರಿತ್ರೆ ಸಲೀಸಾಯಿತು. ಸಂಬಂಧಕ್ಕೆ ಸಂಬಂಧ ಸರಿಯಾಗಿ ಕೂತಿತು. ಪಾಳೆಯಗಾರ ಎಂದರೆ ಕೆ.ಆರ್.ಪೇಟೆಯ ಭಾವ ದೊಡ್ಡಬೀರಯ್ಯ. ಅದೇ ಗತ್ತು, ಅದೇ ಗೊಣಗಾಟ. ರಾಣಿ ಅಕ್ಕ ಜಯಲಕ್ಷ್ಮಮ್ಮ. ಅವರ ಮಗಳು ರಾಜಕುಮಾರಿ, ಅದು ಅರ್ಪಿತ. ಅವಳಿಗೆ ಗೊತ್ತು ಮಾಡಿದ ಪಕ್ಕದ ಸೀಮೆಯ ವರ ನಾಗಮಂಗಲದ ಸಂತೋಷ. ರಾಜಕುಮಾರಿಯ ಸೋದರಮಾವ ಎಂದು ಒಬ್ಬ ಬಂದ. ಅದು ಇನ್ಯಾರು, ತಾನೇ. ಕುದುರೆ ದಳದ ನಾಯಕನಿಗೆ ಮಾತ್ರ ಮನೆಯಲ್ಲಿ ಯಾರೂ ಸಿಗಲಿಲ್ಲ. ಅಷ್ಟರಲ್ಲಿ ಮಿಲ್ಲಿನ ಮುಂದೆ ಕಬ್ಬಿನ ಟ್ರಾಕ್ಟರು ನಿಲ್ಲಿಸಿ ಡ್ರೈವರ್ ಕಿಟ್ಟಿ ಮೀಸೆ ತಿರುವುತ್ತಿದ್ದ. ಕೆಲಸ ಅವನಿಗೆ ಸಿಕ್ಕಿತು.

ಐದು ನಿಮಿಷದ ಭಾಷಣಕ್ಕೆ ಬಾಯಿ ಪಳಗಬೇಕಲ್ಲ. ಸಿದ್ದರಾಮು ಮಿಲ್ಲಿನಲ್ಲಿ ರಾಗಿ ಸರದಿಗೆ ಕೂತವರಿಗೆ ಕಥೆ ಹೇಳತೊಡಗಿದ. ಮೊದಲಿಗೇ ಸ್ಪಷ್ಟವಾಗಿ, "ಇದು ಪುಸ್ತಕದ ಕಥೆ, ಹೆಸರು ಮಾತ್ರ ನಮ್ಮೋರ್ದು ಇಟ್ಟಿವ್ನಿ" ಎಂದು ಹೇಳುತ್ತಿದ್ದ. ಆದರೆ ರಾಗಿ ಮಿಲ್ಲು ನಾಟಕದ ಟೆಂಟಲ್ಲ. ಜನ ಬೀಸಿಸಿಕೊಂಡು ಹೋಗುತ್ತಾರೆ, ಹೊಸಬರು ಬರುತ್ತಾರೆ. ಕೂಗಿಯೇ ಹೇಳಬೇಕು, ಇಲ್ಲದಿದ್ದರೆ ಮೋಟರಿನ ಸದ್ದಿಗೆ ಏನೂ ಕೇಳದು.

ತಿಮ್ಮಮ್ಮ ಚೀಲ ಹೊತ್ತು ಒಳಗೆ ಬಂದಾಗ ಕಥೆ ಅರ್ಧವಾಗಿತ್ತು.

"ನಮ್ ಅರ್ಪಿತನ್ನ ಭಾವ ಮ್ಯಾಲೆ ಕೂಡಾಕ್ಬುಟ್ಟ!" ಎಂದು ಸಿದ್ದರಾಮು ಮೋಟರಿನ ಮೇಲೆ ಕೂಗುತ್ತಿದ್ದ. "ಯಾಕೆ? ಅವಳಿಗೆ ಕಿಟ್ಟಿ ಮ್ಯಾಲೆ ಮನಸು! ನಾಗಮಂಗಲದ ಗಂಡು ಬ್ಯಾಡ್ವೇ ಬ್ಯಾಡ ಅಂದ್ಳು. ವಿಷ ತಗಂಡ್ಬುಟ್ಳು!"

ತಿಮ್ಮಮ್ಮನ ಚೀಲ ಕೆಳಗೆ ಬಿತ್ತು. "ಅಯ್ಯೋ ನನ್ ಶಿವನೇ! ಬದುಕವ್ಳಾ?"

"ವೈದ್ಯ ಬಂದು ಉಳಿಸ್ದ. ಆದ್ರೂ ಭಾವ ಮಾತ್ರ, ಅದೇ ಗಂಡಿಗೇ ಕೊಡ್ತೀನಿ ಅಂತ ನಿಂತವ್ನೆ!"

"ನೀನು ಸೋದರಮಾವ, ನೀನೇನ್ ಮಾಡ್ದಪ್ಪ?"

"ಅಲ್ಲಿಗಂಟ ನಾನಿನ್ನೂ ಹೋಗಿಲ್ಲ ಕಣವ್ವ" ಎಂದ ಸಿದ್ದರಾಮು, ಪುಟದ ಲೆಕ್ಕದಲ್ಲಿ.

ತಿಮ್ಮಮ್ಮನ ಮಗಳನ್ನು ಕೆ.ಆರ್.ಪೇಟೆಗೆ ಕೊಟ್ಟಿದೆ. ಹಿಟ್ಟು ಬಿಸಿ ಆರುವ ಮುಂಚೆ ಅವಳು ಬಸ್ಸಿನಲ್ಲಿದ್ದಳು. ಅಲ್ಲಿಂದ ಮುಂದೆ ಕಥೆ ತನ್ನ ಕಾಲ ಮೇಲೆ ತಾನೇ ನಿಂತಿತು. ಪಾಂಡವಪುರ ದಾಟುವಾಗ ಕುದುರೆ ಹೋಗಿ ಬುಲೆಟ್ ಗಾಡಿ ಬಂತು. ಕೆ.ಆರ್.ಪೇಟೆ ಮುಟ್ಟುವಾಗ ಕೋಟೆಯ ಬುರುಜು ದೊಡ್ಡಬೀರಯ್ಯನ ಮನೆಯ ಮಹಡಿ ರೂಮಾಯಿತು. ನಾಗಮಂಗಲಕ್ಕೆ ಬರುವ ಹೊತ್ತಿಗೆ ವಿಷ ತೆಂಗಿಗೆ ಹೊಡೆಯುವ ಔಷಧಿಯಾಗಿ, ರಾಜವೈದ್ಯ ಮೈಸೂರಿನ ದೊಡ್ಡಾಸ್ಪತ್ರೆಯ ಡಾಕ್ಟರಾಗಿದ್ದ. ಚರಿತ್ರೆ ಆಧುನಿಕ ಕಾಲಕ್ಕೆ ಬಂದದ್ದು ಹೀಗೆ, ಎರಡು ಬಸ್ಸಿನಲ್ಲಿ.

ಮೊದಲು ಬಂದವನು ಭಾವ ದೊಡ್ಡಬೀರಯ್ಯ. ಬೈಕ್ ಸ್ಟ್ಯಾಂಡು ಹಾಕದೆ ಇಳಿದದ್ದರಿಂದ ಬೈಕ್ ಒಂದು ಕಡೆ ಬಿತ್ತು, ಅವನು ಇನ್ನೊಂದು ಕಡೆ ನಿಂತ.

"ಲೇ ಸಿದ್ದರಾಮು! ನನ್ ಮಗಳು ಯಾವಾಗ್ಲಾ ಔಷಧಿ ಕುಡುದ್ಳು?"

"ಅದು ರಾಜಕುಮಾರಿ, ಭಾವ!"

"ನನ್ ಮಗಳು ನನಗೆ ರಾಜಕುಮಾರೀನೇ ಕಣ್ಲಾ. ಯಾವಾಗ ಕುಡುದ್ಳು ಹೇಳು!"

"ಕೋಟೆ ಒಳಗೆ... ನೀನು ಕೂಡಾಕಿದ್ಯಲ್ಲ..."

ಸುಧ ಅಡ್ಡ ಬರದಿದ್ದರೆ ಆ ದಿನ ಮಿಲ್ಲಿನಲ್ಲಿ ರಾಗಿಯ ಬದಲು ಬೇರೇನೋ ಬೀಸಲ್ಪಡುತ್ತಿತ್ತು. ಪುಸ್ತಕ ತೋರಿಸಿ, ಅಂಜುವನ್ನು ಕರೆಸಿ, ಉಪಾಯ ವಿವರಿಸಿ ಭಾವನನ್ನು ಕೂರಿಸುವುದರಲ್ಲಿ ಸಂಜೆಯಾಯಿತು. ಭಾವನಿಗೆ ಅರ್ಥವಾಯಿತು. ಅರ್ಥವಾದ ಮೇಲೆ ಅವನ ಮುಖ ಇನ್ನೂ ಕೆಟ್ಟಿತು.

"ನನಗೆ ಗೊತ್ತಾದ್ರೆ ಏನ್ಲಾ ಬಂತು? ನಾಗಮಂಗಲದೋರು ಫೋನ್ ಎತ್ತುತಿಲ್ಲ. ಅರ್ಪಿತ ಸ್ಕೂಲಿಗೆ ಹೋದ್ರೆ ಜೊತೆ ಟೀಚರ್ಗಳು, 'ಈಗ ಎಂಗಿದ್ದೀರ, ಊಟ ಸೇರ್ತದಾ' ಅಂತ ಕೇಳ್ತಾವ್ರಂತೆ. ಮಗಳು ಬಾಗ್ಲು ಹಾಕ್ಕೊಂಡು ಕೂತವ್ಳೆ."

ಹೋಗಲಿ, ಕಿಟ್ಟಿಯಾದರೂ ಬಂದು ಇಲ್ಲ ಎಂದುಬಿಟ್ಟರೆ ಅರ್ಧ ಬಗೆಹರಿಯುತ್ತದೆ ಎಂದು ಸಿದ್ದರಾಮು ಅವನನ್ನು ಹುಡುಕಿಕೊಂಡು ಹೋದ. ಕಿಟ್ಟಿ ಟ್ರಾಕ್ಟರಿನ ಕನ್ನಡಿಯಲ್ಲಿ ಕ್ರಾಪು ಬಾಚುತ್ತಿದ್ದ. ಹೆಣ್ಣು ನೋಡಲು ಹೋದಲ್ಲೆಲ್ಲ ಬರೀ ಕಾಫಿ ಕುಡಿದು ವಾಪಸಾಗಿದ್ದ ಮನುಷ್ಯ ಅವನು. ಒಂದು ವಾರದಿಂದ ಜನ ಅವನನ್ನು ತಿರುಗಿ ನೋಡುತ್ತಿದ್ದರು.

"ಸಿದ್ರಾಮಣ್ಣ, ನಾನು ಸುಳ್ಳು ಹೇಳಾಕಿಲ್ಲ. ಆ ಹುಡುಗೀನ ನಾನು ಕಣ್ಣಲ್ಲೂ ನೋಡಿಲ್ಲ."

"ಅಷ್ಟೇ ಕಣ್ಲಾ! ಅದನ್ನೇ ಬಂದು ಹೇಳು!"

"ಅದೆಂಗಣ್ಣ ಹೇಳಾದು? ಮೊನ್ನೆ ಬನ್ನೂರಿಂದ ನನಗೊಂದು ಸಂಬಂಧ ಬಂದದೆ. 'ಲವ್ ಫೇಲಾದ ಹುಡುಗ, ಮನಸು ಒಳ್ಳೇದು' ಅಂದ್ರಂತೆ. ಒಂದು ಹದಿನೈದು ದಿನ ತಡ್ಕೋ. ನಿಶ್ಚಿತಾರ್ಥ ಆಗೋಗ್ಲಿ, ಆಮೇಲೆ ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಕೊನೆಗೆ ಸಿದ್ದರಾಮು ಒಂದು ತೀರ್ಮಾನಕ್ಕೆ ಬಂದ. ಸತ್ಯ ಪುಸ್ತಕದಲ್ಲಿದೆ. ಪುಸ್ತಕವನ್ನೇ ತೆಗೆದುಕೊಂಡು ಹೋಗಿ ಮುಂದಿಟ್ಟರೆ ಎಂಥವರಿಗೂ ತಿಳಿಯುತ್ತದೆ. ಓದಿದವರು ಮಾಡುವ ತಪ್ಪು ಇದು. ಅರ್ಧ ಓದಿದ್ದವನೂ ಅದನ್ನೇ ಮಾಡಿದ.

ನಾಗಮಂಗಲದಲ್ಲಿ ಚಿಕ್ಕಮಾದಯ್ಯನವರು ಜಗುಲಿಯಲ್ಲಿ ಪೇಪರ್ ಓದುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಸಿದ್ದರಾಮು ಪುಸ್ತಕವನ್ನು ಎರಡು ಕೈಯಲ್ಲಿ ಹಿಡಿದು ಮುಂದಿಟ್ಟ.

"ಯಜಮಾನ್ರೆ, ನೀವು ಕೇಳಿದ್ದು ಯಾವುದೂ ನಿಜ ಅಲ್ಲ. ಎಲ್ಲ ಈ ಪುಸ್ತಕದಾಗೆ ಇರೋದು."

"ಎಲ್ಲಾನೂ ಇದರಾಗದಾ?"

"ಎಲ್ಲಾನೂ."

"ಹುಡುಗಿ ವಿಷ ತಗಂಡಿದ್ದು?"

"ಅದೂ ಅದೆ. ಪುಟ ತೋರಿಸ್ಲಾ?"

ಚಿಕ್ಕಮಾದಯ್ಯನವರು ಪುಸ್ತಕ ತಿರುಗಿಸಿ ನೋಡಿದರು. ಒಳಗೆ ಲೈಬ್ರರಿಯ ದುಂಡನೆಯ ನೇರಳೆ ಸೀಲು ಬಿದ್ದಿತ್ತು. ಅವರ ಮುಖದ ಬಣ್ಣ ಇಳಿಯಿತು.

"ಬಸ್ಸಲ್ಲಿ ಕೇಳ್ದಾಗ ನಾನು ನಂಬಿರ್ನಿಲ್ಲ ಕಣಯ್ಯ. ಜನ ಏನೋ ಅಂತಾರೆ ಅನ್ಕಂಡಿದ್ದೆ. ಈಗ ಅಚ್ಚೇ ಹಾಕ್ಬುಟ್ಟವ್ರಲ್ಲಯ್ಯ! ಸರ್ಕಾರದ ಸೀಲು ಬೇರೆ!"

ಬಾಗಿಲ ಸಂದಿಯಿಂದ ಅವರ ಹೆಂಡತಿಯ ದನಿ ಬಂತು. "ನಾಳೆ ಸ್ಕೂಲ್ ಮಕ್ಕಳಿಗೆ ಪಾಠಕ್ಕಿಟ್ಬುಟ್ರೆ ಏನ್ರೀ ಗತಿ?"

"ಅಯ್ಯೋ, ಇದು ಹಳೇ ಪುಸ್ತಕ ಅಮ್ಮ! ಅರ್ಪಿತ ಹುಟ್ಟೋಕ್ಮುಂಚಿನ್ದು!"

"ಹುಟ್ಟೋಕ್ಮುಂಚೆ ಅವಳ ಹೆಸರು ಯಾಕ್ ಬಂತು?" ಎಂದರು ಚಿಕ್ಕಮಾದಯ್ಯ.

"ಅದು ನಾನು ಇಟ್ಟಿದ್ದು."

"ಯಾಕಿಟ್ಟೆ?"

"ಜ್ಞಾಪಕ ಇರ್ಲಿ ಅಂತ."

"ಸ್ವಂತ ಅಕ್ಕನ ಮಗಳ ಹೆಸರು ನಿನಗೆ ಜ್ಞಾಪಕ ಇರಾಕಿಲ್ವೇನಯ್ಯ?"

ಚಿಕ್ಕಮಾದಯ್ಯನವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, "ಇದು ಇಲ್ಲೇ ಇರ್ಲಿ. ನಾನೇ ಓದ್ತೀನಿ. ನೀನು ಹೊರಡು" ಎಂದರು.

ಆಮೇಲಿನ ದಿನಗಳನ್ನು ಸಿದ್ದರಾಮುವಿನ ಮನೆಯವರು ಹೇಗೆ ಕಳೆದರು ಎಂದು ನಾನು ಬರೆಯುವುದಿಲ್ಲ. ಮಿಲ್ಲಿಗೆ ಜನ ಹೆಚ್ಚಾದರು. ಅರ್ಧ ಸೇರು ರಾಗಿಗೂ ಬಂದು ಕೂತು, "ಮುಂದೇನಾಯ್ತು?" ಎಂದು ಕೇಳುತ್ತಿದ್ದರು. ಸಿದ್ದರಾಮು ಮಾತಾಡುವುದನ್ನು ಬಿಟ್ಟ. ಅವನು ಮಾತಾಡದಿರುವುದನ್ನು ಕಂಡು, ಸಂಗತಿ ಇನ್ನೂ ಗಂಭೀರವಾಗಿರಬೇಕು ಎಂದು ಜನ ತಿಳಿದರು.

ಅಂತೂ ನಾಗಮಂಗಲದಿಂದ ಕರೆ ಬಂತು. ಅಕ್ಕ, ಭಾವ, ಸಿದ್ದರಾಮು ಹೋದರು. ಈ ಸಂಬಂಧ ಕುದುರಿಸಿದ್ದ ಸಿದ್ದರಾಮುವಿನ ದೊಡ್ಡಪ್ಪನ ಮಗ ಚಲುವಯ್ಯನೂ ಜೊತೆಗೆ ಹೋದ. ಚಿಕ್ಕಮಾದಯ್ಯನವರ ಕಣ್ಣು ಕೆಂಪಗಿದ್ದವು. ಅವರು ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದ್ದರು. ಹೆಂಡತಿಗೂ ಜೋರಾಗಿ ಓದಿ ಹೇಳಿದ್ದರು. ಮೂರೂ ತಾಲ್ಲೂಕಿನಲ್ಲಿ ಆ ಕಥೆಯನ್ನು ಪೂರ್ತಿ ತಿಳಿದಿದ್ದವರು ಆ ಗಂಡಹೆಂಡತಿ ಇಬ್ಬರೇ.

"ಕಥೆ ಅಂತ ಗೊತ್ತಾಯ್ತು" ಎಂದರು. "ಆ ಮಗು, ರಾಜಕುಮಾರಿ, ಕೊನೇಲಿ ಸತ್ತೋಯ್ತದೆ. ಯಾರೂ ಅದರ ಮಾತು ಕೇಳಾಕಿಲ್ಲ. ಅಪ್ಪ ಕೇಳ್ನಿಲ್ಲ, ಗಂಡಿನ ಕಡೆಯೋರೂ ಕೇಳ್ನಿಲ್ಲ. ಓದಿ ನಮ್ಮೋಳು ಎರಡು ದಿನ ಊಟ ಮಾಡ್ನಿಲ್ಲ. ನಾನು ಅಂಥ ಮಾವ ಆಗಾಕಿಲ್ಲ ತಾಯಿ. ಮದುವೆ ಆಯ್ತದೆ."

ಜಯಲಕ್ಷ್ಮಮ್ಮ ಸೆರಗಿಂದ ಕಣ್ಣೊರೆಸಿಕೊಂಡಳು. ಸಿದ್ದರಾಮು ಕೈ ಮುಗಿದ. ಪುಸ್ತಕ ಆರಿಸಿದ್ದು ಕೊನೆಗೂ ಸರಿಹೋಯಿತು ಎಂದು ಅವನಿಗೆ ಒಂದು ಗಳಿಗೆ ಹೆಮ್ಮೆ ಕೂಡ ಆಯಿತು.

"ಒಂದು ಮಾತು" ಎಂದರು ಚಿಕ್ಕಮಾದಯ್ಯ. "ಸಿದ್ದರಾಮು, ಇದರಾಗೆ ನೀನ್ಯಾರು?"

"ನಾನು ರಾಜಕುಮಾರಿ ಸೋದರಮಾವ ಯಜಮಾನ್ರೆ."

"ಎಲ್ಲಿಗಂಟ ಓದಿದ್ದೀಯ?"

"ಅರ್ಧ."

"ಕೊನೇಲಿ ಕೋಟೆ ಹಿಂದಿನ ಬಾಗ್ಲು ತೆಗ್ದು ವೈರಿಗಳನ್ನ ಒಳಕ್ಕೆ ಬುಟ್ಟೋನು ಯಾರು ಗೊತ್ತಾ?"

ಸಿದ್ದರಾಮುವಿಗೆ ಗೊತ್ತಿರಲಿಲ್ಲ. ಆದರೆ ಕೇಳಿದ ರೀತಿಯಲ್ಲೇ ತಿಳಿಯಿತು.

"ನೀನೇ" ಎಂದರು ಚಿಕ್ಕಮಾದಯ್ಯ. "ಆ ಮನೆ ಹಾಳಾಗಿದ್ದೇ ನಿನ್ನಿಂದ."

"ಅದು ಕಥೆ ಯಜಮಾನ್ರೆ!"

"ನಾನೂ ಕಥೆ ಅಂತಾನೇ ಹೇಳ್ತಿರೋದು. ನೀನು ಹೆಣ್ಣಿನ ಕೈ ಹಿಡ್ಕೊಂಡು ಮಂಟಪಕ್ಕೆ ಬಂದ್ರೆ ಕಥೆನೂ ನಿನ್ನ ಹಿಂದೇನೇ ಬತ್ತದೆ. ಛತ್ರದಾಗೆ ಕೂತೋರೆಲ್ಲ, 'ಅಗೋ, ಅವನೇ ಹೇಳಿದ್ದು' ಅಂತಾರೆ. ಆ ಮಗು ತಲೆ ಬಗ್ಗಿಸ್ಕೊಂಡು ಬರಬೇಕಾಯ್ತದೆ. ನಿನ್ನ ಮ್ಯಾಲೆ ನನಗೆ ಕೋಪ ಇಲ್ಲ. ನೀನು ಬರಬ್ಯಾಡ, ಅಷ್ಟೇ. ಹುಡುಗಿನ ಚಲುವಯ್ಯ ಕರ್ಕಬರ್ಲಿ, ಅವನೂ ವರಸೇಲಿ ಸೋದರಮಾವಾನೇ."

ಸಿದ್ದರಾಮು ಅಕ್ಕನ ಕಡೆ ತಿರುಗಿದ. ಬೆಟ್ಟದ ಮೇಲೆ ಎಲ್ಲರೂ ಕೇಳಿಸಿಕೊಂಡರಾ ಎಂದು ಸುತ್ತ ನೋಡಿದ್ದ ಅಕ್ಕ ಈಗ ನೆಲ ನೋಡುತ್ತಿದ್ದಳು. ಚಲುವಯ್ಯ ಆಗಲೇ ಅಂಗಿಯ ಕಾಲರು ಸರಿಮಾಡಿಕೊಳ್ಳುತ್ತಿದ್ದ.

"ಆಯ್ತು ಅನ್ಲಾ" ಎಂದ ಭಾವ, ಮೆಲ್ಲಗೆ.

"ಆಯ್ತು" ಎಂದ ಸಿದ್ದರಾಮು.

ಮಾರನೆಯ ದಿನ ಮಿಲ್ಲಿಗೆ ಅರ್ಪಿತಳ ಫೋನು ಬಂತು. ಬೈಯುತ್ತಾಳೆ ಎಂದುಕೊಂಡು ಅವನು ಮೋಟರು ಆರಿಸಿ ಹೊರಗೆ ಬಂದು ನಿಂತ. ಅವಳು ಬೈಯಲಿಲ್ಲ.

"ಮಾವ, ಒಂದು ಕೇಳ್ಳಾ? ಆ ರಾಜಕುಮಾರಿ ಹೆಸರೇನು? ನಿಜವಾದ್ದು?"

ಸಿದ್ದರಾಮು ಯೋಚಿಸಿದ. ಉದ್ದನೆಯ ಹೆಸರು ಎಂದು ಮಾತ್ರ ನೆನಪಿತ್ತು.

"ಗೊತ್ತಿಲ್ಲ ಕಣವ್ವ. ಶುರುವಿಂದಾನೂ ನನಗೆ ನೀನೇ ಕಾಣ್ತಿದ್ದೆ."

"ಊಟ ಆಯ್ತಾ ಮಾವ?" ಎಂದಳು. "ಆಯ್ತು" ಎಂದ. ಆಗಿರಲಿಲ್ಲ.

ಶಾಲೆಯ ಗುಂಪಿನಲ್ಲಿ ಹೆಡ್ ಮೇಡಂ, 'ಸಿದ್ದರಾಮು ಅವರೇ, ನಿಮ್ಮ ಐದು ನಿಮಿಷಕ್ಕೆ ಎಲ್ಲರೂ ಕಾಯುತ್ತಿದ್ದೇವೆ' ಎಂದು ಬರೆದರು. ಅವನು ಗುಂಪು ಬಿಟ್ಟ. ಬಿಟ್ಟದ್ದಕ್ಕೂ ಯಾರೋ ಒಬ್ಬರು ಹೆಬ್ಬೆಟ್ಟು ಒತ್ತಿದರು.

ಮದುವೆಯ ದಿನ ಸುಧ, ಅಂಜು ಬೆಳಿಗ್ಗೆಯೇ ಶ್ರೀರಂಗಪಟ್ಟಣಕ್ಕೆ ಹೊರಟರು. ಊರಿನವರೂ ಸುಮಾರು ಜನ ಹೋದರು. ಪಕ್ಕದ ಮನೆಯವರು ಬೀರುವಿನಿಂದ ಪಂಚೆ, ಶಲ್ಯ ತಂದುಕೊಟ್ಟು, "ತಗಳ್ಳಪ್ಪ, ನಾವೂ ಬಾಗ್ಲಾಕ್ಕೊಂಡು ಮದುವೆಗೆ ಒಂಟಿದ್ದೀವಿ" ಎಂದರು. ಸಿದ್ದರಾಮು ಅವನ್ನು ಹಿಟ್ಟಿನ ಡಬ್ಬದ ಮೇಲಿಟ್ಟು ಮಿಲ್ಲಿನ ಬಾಗಿಲು ತೆಗೆದು ಕೂತ. ಬೀಸಿಸಲು ಯಾರೂ ಬರಲಿಲ್ಲ.

ಮುಹೂರ್ತಕ್ಕೆ ಸರಿಯಾಗಿ ಅರ್ಪಿತಳ ಕೈ ಹಿಡಿದು ಚಲುವಯ್ಯ ಮಂಟಪಕ್ಕೆ ಕರೆತಂದ. ಸಿದ್ದರಾಮು ಕೊಟ್ಟ ಮಾತು ನಡೆಯಲಿಲ್ಲ.